ಅಂಗೈ ತೋರಿಸುವ ಮುಂಚೆ

ತಾಳ್ಯ, ಜುಲೈ ೧೯೭೪

ತಂಗಿ ಓಬಿ,

ನಿನ್ನಂಥವಳೇ ಒಬ್ಬಳು ನನ್ನ ಎರಡನೇ ತರಗತಿಯಲ್ಲಿದ್ದಾಳೆ. ಕುರಿ ಕಾಯುವ ಗುಡ್ಡಪ್ಪನ ಮಗಳು ಬೊಮ್ಮಕ್ಕ. ಕರೆದರೆ ತಿರುಗುವುದಿಲ್ಲ, ಮಾತಿಲ್ಲ, ಗಂಟೆಯ ಸದ್ದಿಗೆ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದಳು. ಈಗ ಗಂಟೆಗೆ ಮುಂಚೆ ನಾನು ಬೆರಳೆತ್ತುತ್ತೇನೆ, ಅವಳು ಕಿವಿ ಮುಚ್ಚಿಕೊಳ್ಳುತ್ತಾಳೆ. ಸದ್ದು ನಿಂತ ಮೇಲೆ ಅಂಗೈ ತೋರಿಸಿದರೆ ಕೈ ಇಳಿಸುತ್ತಾಳೆ. ಇಷ್ಟಕ್ಕೆ ಒಂದು ವರ್ಷ ಹಿಡಿಯಿತು.

ಇವತ್ತು ಇನ್‌ಸ್ಪೆಕ್ಟರ್ ಬಂದರು. "ಮೇಡಮ್ಮೋರೆ, ಆ ಹುಡುಗೀನ ಬೇರೆ ಕಡೆ ಕೂರ್ಸ್ರಿ, ಸಾಹೇಬ್ರ ಕಣ್ಣಿಗೆ ಬೀಳಬಾರ್ದು" ಎಂದರು ಹೆಡ್‌ಮಾಸ್ಟರು. ನಾನು ಬೊಮ್ಮಕ್ಕನನ್ನು ಎಬ್ಬಿಸಿದೆ. ಉಪ್ಪಿಟ್ಟು ಬೇಯಿಸುವ ಕೋಣೆಗೆ ಕರೆದೊಯ್ದು, ಹಿಂದೆ ಬರದಿರಲಿ ಎಂದು ಬೆರಳೆತ್ತಿದೆ. ಅವಳು ಕಿವಿ ಮುಚ್ಚಿದೊಡನೆ ಚಿಲಕ ಹಾಕಿದೆ.

ಸಾಹೇಬರು ಎರಡು ತಾಸು ಕೂತರು. ಅವರು ಹೊರಟ ಕೂಡಲೇ ಓಡಿದೆ. ಒಳಗೆ ಸದ್ದೇ ಇರಲಿಲ್ಲ. ಚಿಲಕ ತೆಗೆಯಲು ಕೈ ಬರಲಿಲ್ಲ. ನನ್ನನ್ನು ನೋಡಲು ಗಂಡಿನವರು ಬಂದ ದಿನ ನಿನ್ನನ್ನು ಕೂಡಿಹಾಕಿದ್ದ ಕುರಿರೊಪ್ಪದ ಬಾಗಿಲನ್ನೂ ನಾನೇ ತೆಗೆದಿದ್ದೆನಲ್ಲ. ಹಿಂದಿನ ಬೇಲಿ ಮುರಿದಿತ್ತು. ಬಾವಿಯವರೆಗೆ ನಿನ್ನ ಹೆಜ್ಜೆಯಿತ್ತು.

ಬೊಮ್ಮಕ್ಕ ಇದ್ದಳು. ನಿಲ್ಲಿಸಿದ ಜಾಗದಲ್ಲೇ, ಕಿವಿ ಮುಚ್ಚಿಕೊಂಡೇ ಇದ್ದಳು. ಅಂಗೈ ತೋರಿಸಿದೆ. ಕೈ ಇಳಿಸಲಿಲ್ಲ.

ಸಂಜೆ ಗುಡ್ಡಪ್ಪ ಕರೆದೊಯ್ಯಲು ಬಂದ. "ಯಾಕ್ರೀ ಮೇಡಮ್ಮೋರೆ, ಕೈ ತೆಗೀತಾನೇ ಇಲ್ವಲ್ಲ?" ಎಂದ. ಯಾರೋ ಹೆದರಿಸಿರಬೇಕು ಎಂದೆ.

ನಾಳೆ ಬಂದರೆ ಅವಳು ನನ್ನ ಬೆರಳನ್ನು ನಂಬುತ್ತಾಳಾ, ಓಬಿ? ರೊಪ್ಪದೊಳಕ್ಕೆ ನೀನು ಅಂದು ನನ್ನ ಕೈ ಹಿಡಿದುಕೊಂಡೇ ಬಂದಿದ್ದೆ.