ಬೆಟ್ಟಕ್ಕೆ ಬೆನ್ನು ಮಾಡಿ ಕೂತ ಕೂಸು

ಕೊಳ್ಳೇಗಾಲ
ಬುಧವಾರ, 12 ನವೆಂಬರ್ 2025

ನಮ್ಮ ಮುದ್ದು ರೋಜಾಳಿಗೆ,

ಹೇಗಿದ್ದೀಯವ್ವ? ಧಾರವಾಡದಲ್ಲಿ ಬೆಳಗಿನ ಚಳಿ ಜಾಸ್ತಿಯಂತೆ. ಫಾರೆಸ್ಟ್ ಗಾರ್ಡ್ ತರಬೇತಿ ಅಂದಮೇಲೆ ಓಡಿಸದೆ ಬಿಡುತ್ತಾರಾ, ಆದರೆ ಬೂಟು ಕಚ್ಚಿದ ಹಿಮ್ಮಡಿಗೆ ಕೊಬ್ಬರಿ ಎಣ್ಣೆ ಹಚ್ಚದೆ ಮಲಗಬೇಡ. ನಾವು ಚೆನ್ನಾಗಿದ್ದೇವೆ. ನಿನ್ನ ಮಗ ಹರ್ಷನಿಗೆ ಮೇಲೆ ಎರಡು ಹಲ್ಲು ಇಣುಕಿವೆ. ನಾನು ಮಗ್ಗದಲ್ಲಿ ಕೂತರೆ ಸದ್ದಿಗೆ ಸರಿಯಾಗಿ ತಲೆ ಆಡಿಸುತ್ತಾನೆ. ಲಾಳಿ ನಿಂತರೆ, ಯಾಕೆ ನಿಲ್ಲಿಸಿದೆ ಅನ್ನೋ ಹಂಗೆ ನನ್ನ ಮುಖ ನೋಡುತ್ತಾನೆ. ಹನ್ನೊಂದು ತಿಂಗಳಿಗೇ ಯಜಮಾನ.

ಈ ಕಾಗದಕ್ಕೆ ಒಂದು ಕಾರಣ ಇದೆ. ಭಾನುವಾರ ವಿಡಿಯೋ ಫೋನಿನಲ್ಲಿ ನೀನು ‘ಅಪ್ಪಾ, ಕೂಸಿನ ಸೀಟು ಹಿಂದೇನೇ ಐತಾ’ ಅಂತ ಕೇಳಿದೆ. ‘ಹೂಂ ಕಣವ್ವ’ ಅಂದೆ. ಈಗ ಹಿಂದೆಯೇ ಇದೆ. ಅದಕ್ಕೂ ಮುಂಚಿನ ಸೋಮವಾರ ಇರಲಿಲ್ಲ. ನಿನ್ನ ಮುಖ ಎದುರಿಗಿದ್ದಾಗ ಬಾಯಿಗೆ ಬಾರದ್ದನ್ನು ಈಗ ಬರೆಯುತ್ತಿದ್ದೇನೆ.

ಹೊರಡುವ ಮುಂಚೆ ನೀನು ಆ ಸೀಟನ್ನು ಎರಡೆರಡು ಸಲ ಕಟ್ಟಿ ತೋರಿಸಿದ್ದೆ. ಕಾರಿನ ಹಿಂದಿನ ಸೀಟಿನಲ್ಲೇ ಇಡಬೇಕು, ಕೂಸಿನ ಮುಖ ಹಿಂದಕ್ಕಿರಬೇಕು, ಬೆಲ್ಟು ಕಟಕ್ ಅನ್ನಬೇಕು. ನಾನೂ ತಲೆ ಆಡಿಸಿದ್ದೆ. ಆದರೆ ಹರ್ಷನನ್ನು ಬೆಟ್ಟದ ಮಾದಪ್ಪನಿಗೆ ತೋರಿಸಿಕೊಂಡು ಬರೋಣ ಅಂತ ಹೊರಟ ಬೆಳಿಗ್ಗೆ ನಿಮ್ಮವ್ವ ಕಾರಿನ ಬಾಗಿಲಲ್ಲೇ ನಿಂತುಬಿಟ್ಟಳು. ‘ಕೂಸ್ನ ಮೊದಲ್ನೇ ಸಲ ದೇವರ ತಾವಕ್ಕೆ ಕರ್ಕಂಡು ಓಯ್ತಾ ಇದ್ದೀವಿ. ದಾರಿ ಉದ್ದಕ್ಕೂ ಬೆಟ್ಟಕ್ಕೆ ಬೆನ್ನು ಕೊಟ್ಕಂಡು ಓಗದಾ? ನೀವು ಓದಿರೋರು, ನೀವೇ ಯೋಳಿ’ ಅಂದಳು. ನಾನು ಓದಿದ್ದು ನಾಲ್ಕನೇ ಕ್ಲಾಸು, ಮಿಕ್ಕಿದ್ದೆಲ್ಲ ಪೊಟ್ಟಣ ಕಟ್ಟಿದ ಪೇಪರಿನಿಂದ. ನನಗೂ ಸರಿ ಅನ್ನಿಸಿತು. ಸೀಟನ್ನು ಮುಂದೆ, ನನ್ನ ಪಕ್ಕಕ್ಕೆ ತಂದು, ಬೆಟ್ಟದ ಕಡೆಗೆ ಮುಖ ಮಾಡಿ ಇಟ್ಟೆ. ಹಾಗೆ ತಿರುಗಿಸಿದ ಮೇಲೆ ಬೆಲ್ಟು ಯಾವ ಸಂದಿಯಲ್ಲಿ ತೂರಬೇಕೋ ತಿಳಿಯಲಿಲ್ಲ. ಮಗ್ಗದ ಹಗ್ಗ ತಂದು ಬಿಗಿದೆ. ನೇಕಾರ ಹಾಕಿದ ಗಂಟು ಬಿಚ್ಚೋದುಂಟಾ ಅಂತ ಜಂಬ ಬೇರೆ ಕೊಚ್ಚಿಕೊಂಡೆ.

ಹನೂರು ಇನ್ನೆರಡು ಮೈಲಿ ಇರುವಾಗ ಜೋಳದ ಹೊಲದಿಂದ ಒಂದು ಎಮ್ಮೆ ರಸ್ತೆಗೆ ನುಗ್ಗಿತು. ಬ್ರೇಕು ಒತ್ತಿದೆ. ಗಂಟು ಬಿಚ್ಚಲಿಲ್ಲ ಕಣವ್ವ, ಅದು ಹಂಗೇ ಇತ್ತು. ಸೀಟೇ ಹಗ್ಗದಿಂದ ಜಾರಿ ಕೂಸಿನ ಸಮೇತ ಮುಂದಕ್ಕೆ ಮಗುಚಿತು. ನನ್ನ ಎಡಗೈ ತಲುಪುವ ಹೊತ್ತಿಗೆ ತಡವಾಗಿತ್ತು. ಒಂದು ಗಳಿಗೆ ಅವನು ಅಳಲೇ ಇಲ್ಲ. ಆಮೇಲೆ ಅತ್ತ. ಕೂಸಿನ ಅಳು ಕೇಳಿ ಅಷ್ಟು ಸಂತೋಷ ನನಗೆ ಎಂದೂ ಆಗಿರಲಿಲ್ಲ.

ಸೀಟು ಸರಿಮಾಡಿಸೋಣ ಅಂತ ಹನೂರಿನಲ್ಲಿ ಕಾರು ನಿಲ್ಲಿಸಿದೆ. ಪಂಕ್ಚರ್ ಅಂಗಡಿಯ ಬಸವೇಶ ಆ ಹಗ್ಗ ನೋಡಿ, ‘ಏನ್ ಸಾ, ಕೂಸ್ನ ಹುಲ್ಲಿನ ಹೊರೆ ಕಟ್ದಂಗೆ ಕಟ್ಟಿದ್ದೀರಿ’ ಅಂದ. ಮುಂದಿನ ಸೀಟಿನ ಮೇಲೆ ಬಿಸಿಲಿಗೆ ಮಡಿಸಿ ಇಳಿಸುತ್ತೇವಲ್ಲ, ಆ ಹಲಗೆಯಲ್ಲಿ ಒಂದು ಚಿತ್ರ ತೋರಿಸಿದ. ಕೂಸಿನ ಸೀಟು, ಅದರ ಮೇಲೆ ಕೆಂಪು ಅಡ್ಡಗೀಟು. ಆರು ವರ್ಷದಿಂದ ಓಡಿಸುತ್ತಿದ್ದೇನೆ, ಒಂದು ದಿನ ಕಣ್ಣಿಗೆ ಬಿದ್ದಿರಲಿಲ್ಲ. ಆಮೇಲೆ ಎದುರಿನ ಡ್ಯಾಶ್‌ಬೋರ್ಡ್ ತಟ್ಟಿ, ‘ಇದರೊಳಗೆ ಏರ್‌ಬ್ಯಾಗ್ ಐತೆ. ಗುದ್ದಿದ್ರೆ ಪಟಾರ್ ಅಂತ ಉಬ್ಕತದೆ. ನಮ್ಗೆ ಅದು ದಿಂಬು ಸಾ, ಕೂಸಿಗೆ ಗುದ್ದಲಿ ಏಟು’ ಅಂದ. ಅವನೇ ಸೀಟನ್ನು ಹಿಂದಕ್ಕೆ ಹಾಕಿ, ಮುಖ ತಿರುಗಿಸಿ, ಬೆಲ್ಟು ಬಿಗಿದು, ‘ಹಿಡಿದು ಅಲ್ಲಾಡಿಸಿ ನೋಡಿ’ ಅಂದ. ಬೇರು ಬಿಟ್ಟಂತೆ ಕೂತಿತ್ತು.

ಕೊನೆಗೂ ಹರ್ಷ ಬೆಟ್ಟಕ್ಕೆ ಬೆನ್ನು ಕೊಟ್ಟೇ ಹೋದ. ದರ್ಶನ ಆಯಿತು. ದೇವರಿಗೆ ಬೆನ್ನು ತೋರಿಸಬಾರದು ಅಂತ ಎಲ್ಲರ ಹಂಗೆ ನಾವೂ ಹಿಂದು ಹಿಂದಕ್ಕೇ ಹೆಜ್ಜೆ ಇಟ್ಟು ಹೊರಗೆ ಬಂದೆವು. ಕಾರು ಬೆಟ್ಟ ಇಳಿಯುವಾಗ ಅವನ ಪಕ್ಕ ಕೂತಿದ್ದ ನಿಮ್ಮವ್ವ ಅಂದಳು: ‘ನೋಡಿ, ನಾವು ನಾಕ್ ಹೆಜ್ಜೆ ಹಿಂಗೆ ಬಂದ್ವಿ. ಇವ್ನು ಕೊಳ್ಳೇಗಾಲದ ಗಂಟ ಹಂಗೇ ಬತ್ತಾವ್ನೆ.’ ಕನ್ನಡಿಯಲ್ಲಿ ನೋಡಿದೆ. ಹಿಂದಿನ ಗಾಜಿನ ತುಂಬ ಬೆಟ್ಟ, ಅದರ ಕಡೆಗೇ ಅವನ ಮುಖ.

ಮುಡಿ ಕೊಡುವುದನ್ನು ನಿನಗಾಗಿ ಉಳಿಸಿದ್ದೇವೆ. ಇಷ್ಟು ತಿಳಿದ ಮೇಲೆ, ಕೂಸನ್ನು ಯಳಂದೂರಿಗೆ ನಿಮ್ಮತ್ತೆಯವರ ಹತ್ತಿರ ಬಿಡಿ ಅಂತ ನೀನು ಅಂದರೆ ಬಿಟ್ಟುಬರುತ್ತೇನೆ. ಎದುರು ಮಾತಾಡುವುದಿಲ್ಲ. ಇಲ್ಲೇ ಇರಲಿ ಅಂದರೆ, ಮಗ್ಗದ ಹಗ್ಗ ಮಗ್ಗದಲ್ಲೇ ಇರುತ್ತದೆ. ಮಾದಪ್ಪ ನಿನ್ನ ಕಾಲಿಗೆ ಬಲ ಕೊಡಲಿ.

ನಿನ್ನ ಅಪ್ಪ,
ಬಸವಯ್ಯ

ಮರೆತ ಮಾತು: ಮರೆತಿರಲಿಲ್ಲ, ಕೈ ಬರಲಿಲ್ಲ. ಹರ್ಷನ ಹಣೆಯ ಮೇಲೆ ನೀನು ಕೇಳಿದ ಗುರುತು ಸೊಳ್ಳೆ ಕಚ್ಚಿದ್ದಲ್ಲ. ಆವತ್ತು ಸೀಟು ಮಗುಚಿದಾಗ ತಗುಲಿದ್ದು. ಬೆಟ್ಟಕ್ಕೆ ಹೋಗುವ ಮುಂಚೆಯೇ ಹನೂರಿನಲ್ಲಿ ಡಾಕ್ಟರಿಗೆ ತೋರಿಸಿದೆ, ಭಯವಿಲ್ಲ ಅಂದರು. ಬರುವ ಭಾನುವಾರ ಫೋನು ಮಾಡಿದಾಗ ಮೊದಲು ನನ್ನನ್ನು ಕರೆ. ನಿಮ್ಮವ್ವನಿಗೆ ಏನೂ ಅನ್ನಬೇಡ. ಬೆನ್ನು ಅಂದದ್ದು ಅವಳು, ಹಗ್ಗ ಕಟ್ಟಿದ ಕೈ ನನ್ನದು.