ಡ್ರೈಸೂಟಿನ ಕಂಕುಳಲ್ಲಿ

ಮೇ ೫, ಸೋಮವಾರ

ಯೂನಿಫಾರಂ ಸೀಸನ್. ಚಡ್ಡಿಗಳು ಕಾಯಲಿ. ಟೇಬಲ್ ಮೇಲೆ ಇವತ್ತೂ ಅದೇ — ಮಗಳು ನಾಗಶ್ರೀಯ ಡ್ರೈಸೂಟ್. ಪುದುಚೇರಿಯಲ್ಲಿ ಅವಳಿಗೆ ಡೈವಿಂಗ್ ಕಲಿಸಿದವನು ಹಾಕಿ ಬಿಟ್ಟದ್ದು. ಅವನು ಆರಡಿ, ಇವಳು ಐದಡಿ. ತಣ್ಣೀರಲ್ಲಿ ಮುಳುಗುವವರ ಉಡುಪು, ಕತ್ತಿನಿಂದ ಪಾದದವರೆಗೆ ಒಂದೇ ತುಂಡು. ಒಳಗೆ ಹನಿ ನೀರೂ ಹೋಗಕೂಡದು.

ಮುಂದಿನ ತಿಂಗಳು ಲಡಾಖ್ ಕಡೆ ಸರೋವರದ ತಳ ಸರ್ವೆ ಮಾಡುವ ತಂಡ ಸೇರುತ್ತಾಳೆ. ಸ್ವಂತ ಸೂಟ್ ಇದ್ದರೆ ಮಾತ್ರ ಕೆಲಸ. ಹಿಮ ಕರಗಿದ ನೀರು. ಸೂಟ್ ಸೋರಿದರೆ ಕೈಕಾಲು ಮರಗಟ್ಟಿ... ಬರೆಯುವುದಿಲ್ಲ.

ಕಾಲಿನುದ್ದ ಅವಳೇ ಕತ್ತರಿಸಿ ಅಂಟಿಸಿದ್ದಾಳೆ. ಅಗಲ ನನ್ನ ಪಾಲು. ಕಂಕುಳಿಂದ ತೊಡೆವರೆಗೆ ಎರಡೂ ಪಕ್ಕ ಡಬಲ್ ಹೊಲಿಗೆ. ನೀಟಾಗಿ ಬಂತು.

ಮೇ ೬

ನೀಟಾಗಿ ಬಂದದ್ದೇ ತಪ್ಪು. ತೋಳಿಗೆ ಬಾಟಲಿ, ಕತ್ತಿಗೆ ಸ್ಟೀಲ್ ಡಬ್ಬಿ ತುರುಕಿ, ಸೈಕಲ್ ಪಂಪಿನಿಂದ ಗಾಳಿ ತುಂಬಿ, ಮೇಲೆಲ್ಲ ಸೋಪು ನೀರು ಬಳಿದೆವು. ಹೊಲಿಗೆಯುದ್ದಕ್ಕೂ ಗುಳ್ಳೆ! ಸೂಜಿ ಇಳಿದಲ್ಲೆಲ್ಲ ತೂತು. ಇಷ್ಟು ವರ್ಷದ ಟೈಲರ್, ಬಿ.ಎ. ಬೇರೆ... ಹೊಳೆಯಲಿಲ್ಲ.

ಹೊಲಿದವನ ಹೆಸರು ಜೋರು,
ಹೊಲಿಗೆಯ ತುಂಬ ನೀರು.

ಮಧುವನಹಳ್ಳಿಯಿಂದ ಭಾವಮೈದ ಚಿಕ್ಕಮಾದಪ್ಪ ಬಂದ. ಊದಿಕೊಂಡ ಸೂಟ್ ನೋಡಿ ಬಾಗಿಲಲ್ಲೇ ನಿಂತ.

"ಯಾರ್ ಬಾವ ಇವ್ನು? ತಲೆ ಎಲ್ ಮಡುಗ್‌ಬುಟ್ಟು ಮನಗವ್ನೆ?"

"ಅಪ್ಪನ್ ತಲೆ ಇಡಾನ ಅಂತಿದೀನಿ ಮಾವ," ಎಂದಳು ನಾಗಶ್ರೀ. "ಸೂಜಿ ಹಾಕುವಾಗ ಅದೂ ಕಾಣೆಯಾಗಿತ್ತು."

ಮೇ ೧೦, ಶನಿವಾರ, ಸಂಜೆ

ಹೊಲಿಗೆ ಬಿಚ್ಚಿ, ಒಳಗಿನಿಂದ ಅಂಟು, ಮೇಲೆ ಟೇಪು. ಅಂಟಿನ ವಾಸನೆಗೆ ಗಿರಾಕಿಗಳು ಮೂಗು ಮುಚ್ಚಿಕೊಂಡು ವಾಪಸ್.

ಇವತ್ತು ಮತ್ತೆ ಗಾಳಿ, ಮತ್ತೆ ಸೋಪು. ನಾಗಶ್ರೀ ಆಚೆ ಫೋನಿನಲ್ಲಿದ್ದಳು. ಎಲ್ಲೂ ಗುಳ್ಳೆಯಿಲ್ಲ... ಎಡ ಕಂಕುಳಲ್ಲಿ ಒಂದು. ಸಾಸಿವೆಯಷ್ಟು. ಒರಸಿದೆ. ಮತ್ತೆ ಬಂತು.

"ಎಲ್ಲಾ ಸರಿಯಾಯ್ತಾ ಅಪ್ಪಾ?"

"ಆಯ್ತು," ಅಂದೆ.

ಯಾಕೆ ಹಾಗಂದೆ? ಗೊತ್ತು. ಮುಂದಿನ ಭಾನುವಾರ ಚಿಕ್ಕಮಾದಪ್ಪನ ಬಾವಿಯಲ್ಲಿ ಇಳಿದು ನೋಡುತ್ತಾಳೆ. ಅಲ್ಲಿ ಬನಿಯನ್ ಒದ್ದೆಯಾದರೆ ಸೂಟ್ ಫೇಲ್. ಸೂಟ್ ಫೇಲಾದರೆ ಲಡಾಖ್ ಇಲ್ಲ, ಮಗಳು ಮನೆಯಲ್ಲೇ. ಬಾವಿಯ ನೀರು ಯಾರನ್ನೂ ಕೊಲ್ಲುವಷ್ಟು ತಣ್ಣಗಿಲ್ಲ.

ಮೇ ೧೫

ತಟ್ಟೆ ಹಾಗೇ ಬಿಟ್ಟೆದ್ದೆ.

"ಏನ್ರೀ, ಅಂಟು ಏನಾರ ಕುಡುದ್ರಾ?" ಎಂದಳು ಕೋಮಲ. ಹೆಂಡತಿಯ ಜೋಕಿಗೂ ನಗು ಬರಲಿಲ್ಲ. ಪ್ರಾಸವೂ ಬರುತ್ತಿಲ್ಲ.

ಮೇ ೧೬, ಶುಕ್ರವಾರ, ಮಧ್ಯಾಹ್ನ

ಬಾವಿಗೆ ಹಗ್ಗ ಹೊಂದಿಸಲೇ ಎಂದು ಚಿಕ್ಕಮಾದಪ್ಪನ ಫೋನು. ನಾಗಶ್ರೀ ಮಾತಾಡಿದಳು.

"ಬ್ಯಾಡ ಮಾವ, ಬಾವಿಗೆ ಇಳಿಯಲ್ಲ. ಅಪ್ಪನೇ ಸೋಪ್ ಹಾಕಿ ನೋಡವ್ರೆ, ಇನ್ನೇನ್ ನೋಡದು? ಸೀದಾ ಅಲ್ಲೇ ಇಳೀತೀನಿ."

ಕತ್ತರಿ ಕೈಯಲ್ಲೇ ನಿಂತಿತು. ಬಾವಿಯಿಲ್ಲ. ಸೀದಾ ಹಿಮದ ನೀರು.

ಅವಳು ಆಚೆ ಹೋದ ಕೂಡಲೇ ಎಡ ಕಂಕುಳಿಗೆ ಅಂಟು ಹಚ್ಚಿದೆ. ಒಂದು ಪದರ. ಇನ್ನೊಂದು. ಮೂರನೆಯದು ಅವಸರಕ್ಕೆ ಅಡ್ಡಾದಿಡ್ಡಿ. ಆಮೇಲೆ ಹಠ ಹಿಡಿದೆ — ಬಾವಿಗೆ ಇಳಿಯಲೇಬೇಕು.

"ನೀವೇ ನೋಡಿದ್ರಲ್ಲಪ್ಪಾ?"

"ಟ್ರಯಲ್ ನೋಡ್ದೆ ಬಟ್ಟೆ ಕೊಡೋನಲ್ಲ ನಾನು."

ಮೇ ೧೮, ಭಾನುವಾರ

ಬಾವಿ ಮೆಟ್ಟಿಲ ಮೇಲೆ ಕೋಮಲ. ಹಗ್ಗ ಹಿಡಿದು ಚಿಕ್ಕಮಾದಪ್ಪ. ಕತ್ತಿನ ರಬ್ಬರಿಗೆ ಪೌಡರ್ ಬಳಿದು, ಮುಳುಗಲು ಭಾರ ಬೇಕೆಂದು ಸೊಂಟಕ್ಕೆ ಸೀಸದ ಬೆಲ್ಟ್ ಕಟ್ಟಿ, ಇಳಿದಳು. ಕತ್ತುದ್ದ ನೀರು. ಎಡಗೈ ಎತ್ತು ಅಂದೆ. ಇಳಿಸು. ಮತ್ತೆ ಎತ್ತು.

"ಬಾವ, ಡ್ರಿಲ್ ಮೇಷ್ಟ್ರು ಯಾವಾಗಾದ್ರಿ?"

ಮುಳುಗಿದಳು. ಎಷ್ಟು ಹೊತ್ತೋ... ಎದ್ದಳು. ಮೇಲೆ ಬಂದು ಸೂಟ್ ಕಳಚಿ ಕೊಟ್ಟಳು. ಬನಿಯನ್ ಒಣಗಿಯೇ ಇತ್ತು. ಆದರೂ ಸೂಟಿನೊಳಗೆ ಕೈ ತೂರಿಸಿ ಎಡ ಕಂಕುಳು ತಡವಿದೆ. ಒದ್ದೆ! — ನನ್ನ ಕೈಯೇ ಬೆವೆತಿತ್ತು. ಪಂಚೆಗೆ ಒರಸಿಕೊಂಡು ಮತ್ತೆ ತಡವಿದೆ. ಒಣ. ಮತ್ತೊಮ್ಮೆ. ಒಣ.

"ಅದೊಂದೇ ಜಾಗ ಯಾಕಪ್ಪಾ ಮುಟ್ಟಿ ಮುಟ್ಟಿ ನೋಡ್ತೀರಿ?"

ಆಗ ಹೇಳಬೇಕಿತ್ತು. "ಟೈಲರ್ ಚಟ," ಅಂದೆ.

ನಂಬಿದಳು. ಎರಡನೇ ಸಲ ಕೇಳಲಿಲ್ಲ. ಹೀಗೇ ನಂಬಿಬಿಡುತ್ತಾಳೆ, ಅದೇ ನನಗೆ ಹೆದರಿಕೆ.