ಅಪ್ಪನ ಕಂಪ್ಯೂಟರಿಗೊಂದು ಚದುರಂಗದ ಪುಟ

ಭಾನುವಾರ, ಮಧ್ಯಾಹ್ನ

ಪ್ರೀತಿಯ ಚಿಕ್ಕಮ್ಮ,

ಕ್ಷೇಮವಾಗಿ ತಲುಪಿದೆ ಅಂತ ಫೋನಿನಲ್ಲಿ ಹೇಳಿದ್ದಾಯಿತು, ಅಪ್ಪನ ಮಾತ್ರೆಗಳ ವಿಷಯ ಕೇಳಿದ್ದೂ ಆಯಿತು. ಹೇಳಬೇಕೆಂದಿದ್ದ ಮಾತು ಮಾತ್ರ ಹಾಗೇ ಉಳಿಯಿತು. ಎದುರಿಗಿದ್ದಿದ್ದರೆ ನೀವು "ಸಾಕು ಬಿಡೆ" ಅಂತ ಒಳಗೆ ಎದ್ದುಹೋಗುತ್ತಿದ್ದಿರಿ. ಕಾಗದದಿಂದ ಹಾಗೆ ತಪ್ಪಿಸಿಕೊಳ್ಳಲಾಗುವುದಿಲ್ಲ.

ಅಮ್ಮ ಹೋಗಿ ಎಷ್ಟೋ ವರ್ಷಗಳಾದ ಮೇಲೆ ಅಪ್ಪ ನಿಮ್ಮನ್ನು ಮದುವೆಯಾದಾಗ ನಾನು ಕಾಲೇಜಿನಲ್ಲಿದ್ದೆ. ನೀವು ವೆಬ್‌ಸೈಟ್ ಮಾಡುವವರಂತೆ ಎಂದು ಕೇಳಿ, ಹೊಸದೇನು ಬಂದರೂ ಮುಖ ಸಿಂಡರಿಸುವ ಅಪ್ಪನಿಗೂ ಇವರಿಗೂ ಎಲ್ಲಿಯ ತಾಳಮೇಳ ಅಂದುಕೊಂಡಿದ್ದೆ. ಆ ತಾಳಮೇಳ ಏನೆಂದು ಈ ರಜೆಯಲ್ಲಿ ಕಣ್ಣಾರೆ ಕಂಡೆ.

ಲಕ್ವ ಹೊಡೆದು ಅಪ್ಪನ ಬಲಗೈ ಬಿದ್ದುಹೋಯಿತು, ಮಾತು ತೊದಲಾಯಿತು. ಉಳಿದದ್ದು ಚದುರಂಗ ಒಂದೇ. ಊರೂರಿನವರು ದಿನಕ್ಕೊಂದು ನಡೆ ಕಳಿಸಿ ಆಡುವ ಆ ಕ್ಲಬ್ಬಿಗೆ ಅವರು ಅಂಚೆ ಕಾರ್ಡಿನಲ್ಲಿ ನಡೆ ಬರೆದು ಕಳಿಸುತ್ತಿದ್ದ ಕಾಲದಿಂದಲೂ ಸದಸ್ಯರು. ಅಷ್ಟರಲ್ಲಿ ಕ್ಲಬ್ಬು ಹೊಸ ವೆಬ್‌ಸೈಟ್ ಮಾಡಿಸಿತು. ಅಪ್ಪನ ದಪ್ಪ ಬೆನ್ನಿನ ಹಳೇ ಕಂಪ್ಯೂಟರಿನಲ್ಲಿ ಅದು ಬರೀ ಬಿಳಿ ಪರದೆ, ನಡುವೆ ಸುತ್ತುವ ಒಂದು ಬಳೆ. ನಾನು ಹೊಸ ಲ್ಯಾಪ್‌ಟಾಪ್ ತಂದುಕೊಟ್ಟೆ. ಅದು ಮಾತುಮಾತಿಗೆ ಏನಾದರೂ ಕೇಳುತ್ತಿತ್ತು. ಅಪ್ಪ ಎಡಗೈಯಿಂದ ಮೆಲ್ಲಗೆ ಅದರ ಮುಚ್ಚಳ ಹಾಕಿ ನನ್ನ ಕಡೆಗೆ ಸರಿಸಿದರು. ಆಮೇಲೂ ದಿನಾ ಬೆಳಿಗ್ಗೆ ಹಳೇ ಕಂಪ್ಯೂಟರಿನ ಮುಂದೆ ಕೂತು ಆ ಬಳೆ ನೋಡುವುದು. ಹೀಗೇ ಬಿಟ್ಟರೆ ಮನಸ್ಸೂ ಮಂಕಾಗುತ್ತದೆ ಎಂದು ಡಾಕ್ಟರು ಹೇಳಿದ್ದು ನಮ್ಮಿಬ್ಬರಿಗೂ ಗೊತ್ತಿತ್ತು.

ನೀವು ಕ್ಲಬ್ಬಿನ ಕಾರ್ಯದರ್ಶಿಗೆ ಫೋನ್ ಮಾಡಿದಾಗ ನಾನು ಪಕ್ಕದಲ್ಲೇ ಬಟ್ಟೆ ಮಡಚುತ್ತಿದ್ದೆ. ಅವರ ದನಿ ನನಗೂ ಕೇಳಿಸಿತು.

"ಒಬ್ಬರಿಗೋಸ್ಕರ ಇನ್ನೊಂದು ಸೈಟ್ ಯಾರಮ್ಮ ಕಟ್ತಾರೆ?"

"ಒಬ್ಬರಿದ್ದಾರಲ್ಲ, ಸಾಕು. ನಾನು ಕಟ್ತೀನಿ," ಅಂದಿರಿ. ಜಗಳದ ಸ್ವರವೇ ಅಲ್ಲ, ಹಾಲು ತರುತ್ತೇನೆ ಎನ್ನುವ ಹಾಗೆ.

ಆಮೇಲೆ ಊಟದ ಮೇಜಿನ ಮೇಲೆ ಪುಟ ತೆರೆದು ನೋಡಲೆಂದು ಗುಜರಿ ಅಂಗಡಿಯಿಂದ ತಂದ ಮುದಿ ಕಂಪ್ಯೂಟರುಗಳು ಸಾಲಾಗಿ ಕೂತವು. ನಾವು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಂಡೆವು. ನೀವು ಏನನ್ನು ಸೇರಿಸುತ್ತೀರೋ ಎಂದು ಕಾಯುತ್ತಿದ್ದೆ. ನೀವು ತೆಗೆಯುತ್ತಲೇ ಹೋದಿರಿ. ಕ್ಲಬ್ಬಿನ ಸೈಟಿನಲ್ಲಿದ್ದ ಓಡಾಡುವ ಚಿತ್ರಗಳು ಹೋದವು, ಜಾರುವ ಪಟ್ಟಿಗಳು ಹೋದವು. ಕೊನೆಗೆ ಅರವತ್ತನಾಲ್ಕು ಮನೆಗಳ ಒಂದು ಕೋಷ್ಟಕ ಉಳಿಯಿತು. ಕಾಯಿಯನ್ನು ಎಳೆಯಬೇಕಾಗಿಲ್ಲ, ಮೊದಲು ಕಾಯಿ ಒತ್ತಿ, ಆಮೇಲೆ ಮನೆ ಒತ್ತಿದರಾಯಿತು, ಎಡಗೈಗೂ ಸಲೀಸು. ಹಳೇ ಬ್ರೌಸರಿನಲ್ಲಿ ನಮ್ಮ ಅಕ್ಷರಗಳು ಒಡೆದು ಡಬ್ಬಿ ಡಬ್ಬಿಯಾಗಿ ಕಂಡಾಗ ನಾನಂತೂ ಕೈಚೆಲ್ಲಿದೆ. ನೀವು ರಾಜನಿಗೆ 'ರಾ', ಮಂತ್ರಿಗೆ 'ಮಂ', ಆನೆಗೆ 'ಆ' ಎಂದು ಒಂದೊಂದನ್ನೂ ಸಾಸಿವೆ ಕಾಳಿನಷ್ಟು ಹಗುರದ ಚಿತ್ರವಾಗಿ ಮಾಡಿ ಕೂರಿಸಿದಿರಿ. ಹೊಸ ಸೈಟುಗಳು ಸುರಕ್ಷತೆಗೆಂದು ಹಾಕುವ ಬೀಗಕ್ಕೆ ಆ ಬ್ರೌಸರಿನ ಹತ್ತಿರ ಕೀಲಿಯೇ ಇಲ್ಲ ಎಂದು ಗೊತ್ತಾದಾಗ, "ಆಟದ ನಡೆಯಲ್ಲಿ ಗುಟ್ಟೇನಿದೆ?" ಎಂದು ಬೀಗವಿಲ್ಲದ ಬಾಗಿಲೊಂದನ್ನೂ ಇಟ್ಟಿರಿ.

ಪುಟ ಸಿದ್ಧವಾದ ಆ ಬೆಳಿಗ್ಗೆ ನೀವು ಬೇಕೆಂದೇ ಅಡುಗೆಮನೆಯಲ್ಲಿ ಉಳಿದಿರಿ. ಹಾಗಾಗಿ ನೀವು ನೋಡದೇ ಇದ್ದದ್ದನ್ನು ಬರೆಯುತ್ತೇನೆ. ಅಪ್ಪ ಕನ್ನಡಕ ಏರಿಸಿಕೊಳ್ಳುವುದಕ್ಕೂ ಮೊದಲೇ ಪುಟ ತೆರೆದುಕೊಂಡಿತ್ತು. ಅವರು ಪರದೆಯ ಹತ್ತಿರ ಬಗ್ಗಿದರು, ಹಿಂದಕ್ಕೆ ಒರಗಿದರು, ಮತ್ತೆ ಬಗ್ಗಿದರು. ಎಡಗೈಯಲ್ಲಿ ಮೌಸ್ ಹಿಡಿದು ಕಾಲಾಳೊಂದನ್ನು ಮುಂದೆ ಇಟ್ಟರು. ನನ್ನ ಕಡೆ ತಿರುಗಿ, "ಬಂತು," ಅಂದರು. ತೊದಲೇ ಇಲ್ಲ. ಎರಡನೇ ಸಲ ಹೇಳಿದ್ದು ಅಡುಗೆಮನೆಯ ಬಾಗಿಲಿಗೆ. ಅಲ್ಲಿ ನೀವು ನಲ್ಲಿ ಜೋರಾಗಿ ಬಿಟ್ಟಿದ್ದಿರಿ, ಕೇಳಿಸಿರಲಿಕ್ಕಿಲ್ಲ.

ಈಗ ಹೊಸ ಸೈಟ್ ತೆರೆಯಲಾಗದೆ ಕ್ಲಬ್ಬು ಬಿಟ್ಟುಹೋಗಿದ್ದ ಹಳಬರೆಲ್ಲ ಒಬ್ಬೊಬ್ಬರಾಗಿ ಮರಳಿದ್ದಾರಂತೆ. ಸಿಗ್ನಲ್ ಸರಿಯಾಗಿ ಸಿಗದ ರೈಲಿನಲ್ಲಿ ಕಾರ್ಯದರ್ಶಿಗಳೂ ನಿಮ್ಮ ಪುಟವನ್ನೇ ತೆರೆಯುತ್ತಾರಂತೆ. ಚಿಕ್ಕಮ್ಮ, ನಾನು ಅಪ್ಪನಿಗಾಗಿ ಅವರ ಕೈಗೆ ಒಗ್ಗದ ಯಂತ್ರ ತಂದೆ. ನೀವು ಅವರ ಕೈ ಎಲ್ಲಿತ್ತೋ ಅಲ್ಲಿಗೇ ಲೋಕವನ್ನು ಹಗುರ ಮಾಡಿ ತಂದಿರಿ. ಈ ಮನೆಗೆ ನೀವು ಬಂದದ್ದು ನಮ್ಮ ಪುಣ್ಯ. ಇದನ್ನೇ ಫೋನಿನಲ್ಲಿ ಹೇಳಲಾಗದೆ ಮಾತ್ರೆಗಳ ವಿಷಯ ಕೇಳಿದ್ದು.

ನಿಮ್ಮ
ಮಾತಿನಮಲ್ಲಿ

ಮರೆತ ಮಾತು: ಅಪ್ಪ ಮೊನ್ನೆ ಆ ಪುಟದಿಂದ ನನಗೂ ಒಂದು ಆಟಕ್ಕೆ ಕರೆ ಕಳಿಸಿದ್ದಾರೆ. ಚಿಕ್ಕಂದಿನಲ್ಲಿ ಅವರು ಕಲಿಸಲು ಕೂತಾಗಲೆಲ್ಲ ನನಗೆ ಆಟ ಬರುತ್ತದೆ ಎಂದು ಹೇಳಿ ಓಡಿಹೋಗುತ್ತಿದ್ದೆ, ಅವರು ನಂಬಿಬಿಟ್ಟಿದ್ದಾರೆ. ಈಗ ಏನೋ ಒಂದು ಒತ್ತಿದೆ. ಪುಟದಲ್ಲಿ, "ಈ ನಡೆ ಆಗುವುದಿಲ್ಲ, ನಿಧಾನವಾಗಿ ಇನ್ನೊಮ್ಮೆ ನೋಡಿ," ಎಂದು ಬಂತು. ಥೇಟ್ ನಿಮ್ಮದೇ ದನಿ. ಕುದುರೆ ಹೇಗೆ ನಡೆಯುತ್ತದೆ ಎಂದು ಅಪ್ಪನಿಗೆ ಗೊತ್ತಾಗದ ಹಾಗೆ ಬರೆದು ತಿಳಿಸಿ.